ವಾರ್ನಿಂಗ್ ಇದ್ದರೆ ಸಹಿ ಇಲ್ಲ

ಅಂತಿಮ ವರ್ಷದ ಪ್ರಾಜೆಕ್ಟಿಗೆ ನಮ್ಮ ತಂಡದ ಪಾಲಿಗೆ ಬಂದದ್ದು ಸೀನಿಯರ್‌ಗಳು ಬಿಟ್ಟುಹೋಗಿದ್ದ ಫೈಲ್‌ಸಿಸ್ಟಮ್ ಡ್ರೈವರ್. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಲಿನಕ್ಸಿನ ಒಂದು ವಿಧಾನ ಇಎಕ್ಸ್‌ಟಿ2; ಹಾಗೆ ಜೋಡಿಸಿದ ಡಿಸ್ಕನ್ನು ಓದುವ ಕೋಡ್. ಇಎಕ್ಸ್‌ಟಿ2 ಬಂದದ್ದು 1993ರಲ್ಲಿ. ಕಲಿಯುವವರಿಗೆ ಇವತ್ತಿಗೂ ಅದೇ ವಾಸಿ. ಮೊದಲ 1024 ಬೈಟ್ ದಾಟಿದರೆ ಸೂಪರ್‌ಬ್ಲಾಕ್, ಅದನ್ನು ಓದಿಕೊಂಡರೆ ಉಳಿದದ್ದೆಲ್ಲ ಎಲ್ಲಿದೆ ಎಂದು ಗೊತ್ತಾಗುತ್ತದೆ. ನಮ್ಮ ಕೋಡ್ ಮಾತ್ರ ಪಾಲಾಗದ ಪಿತ್ರಾರ್ಜಿತ ಮನೆಯಂತಿತ್ತು: ಬ್ಯಾಚಿಗೊಂದು ಕೋಣೆ ಎಬ್ಬಿಸಿದ್ದರು, ಕಸ ಗುಡಿಸಿದವರು ಯಾರೂ ಇಲ್ಲ.

ಬಿಲ್ಡ್ ಮಾಡುವ ಮೇಕ್ ಆಜ್ಞೆ ಕೊಟ್ಟರೆ, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರಿನ ವಾರ್ನಿಂಗ್ ಪರದೆ ತುಂಬ. "ಆದ್ರೂ ಓಡುತ್ತೆ ಮೇಡಂ" ಅಂದೆವು. "ಓಡಲಿ ಬಿಡ್ರಪ್ಪ. ವಾರ್ನಿಂಗ್ ಇರೋವರೆಗೂ ನಾನು ಸಹಿ ಹಾಕಲ್ಲ" ಎಂದು ನಮ್ಮ ಗೈಡ್ ಮೇಡಂ ರೆಕಾರ್ಡ್ ಪುಸ್ತಕ ವಾಪಸ್ ತಳ್ಳಿದರು. ಮೇಲಾಗಿ ಮೇಕ್‌ಫೈಲಿನಲ್ಲಿ ಇನ್ನೂ ಕೆಲವು ತಪಾಸಣೆ ಆನ್ ಮಾಡಿಸಿದರು. ಪಟ್ಟಿ ಇನ್ನಷ್ಟು ಉದ್ದವಾಯಿತು.

ಬಳಸದ ವೇರಿಯಬಲ್‌ಗಳದ್ದು ಬೇಗ ಮುಗಿಯಿತು. ಉಳಿದವಕ್ಕೆ ಗೆಳೆಯನೊಬ್ಬ ಕಾಸ್ಟ್ ಹಾಕಿ ಬಿಡೋಣ, ಅಂದರೆ ಈ ಮೌಲ್ಯವನ್ನು ಬೇರೆ ಬಗೆಯದೆಂದೇ ತಿಳಿ ಎಂದು ಕಂಪೈಲರಿಗೆ ಹೇಳಿ ಸುಮ್ಮನಾಗಿಸೋಣ ಎಂದ. ಮೇಡಂ ಕಿವಿಗೆ ಅದು ಬಿತ್ತು. "ಅದರ ಬಾಯಿ ಯಾಕ್ರೋ ಮುಚ್ಚಿಸ್ತೀರಾ? ಏನ್ ಹೇಳ್ತಿದೆ ಅಂತ ಮೊದಲು ಕೇಳಿ!"

ಕೇಳಿದೆವು. ಬ್ಲಾಕ್ ಓದುವ ಫಂಕ್ಷನ್ ಸೋತರೆ ಮೈನಸ್ ಸಂಖ್ಯೆ ಕೊಡುತ್ತಿತ್ತು. ಅದನ್ನು ಹಿಡಿದಿಡುತ್ತಿದ್ದ ವೇರಿಯಬಲ್ ಅನ್‌ಸೈನ್ಡ್, ಅಂದರೆ ಮೈನಸ್ಸೇ ಗೊತ್ತಿಲ್ಲದ್ದು. ಸೊನ್ನೆಗಿಂತ ಕಡಿಮೆಯೇ ಎಂದು ಕೆಳಗೆ ಪರೀಕ್ಷೆ. ಆ ಪರೀಕ್ಷೆ ಯಾವತ್ತೂ ನಿಜವಾಗದು ಎಂದೇ ಜಿಸಿಸಿ ಬಡಕೊಳ್ಳುತ್ತಿತ್ತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡ ಪೆನ್‌ಡ್ರೈವನ್ನು ಓದುತ್ತಿರುವಾಗಲೇ ಕಿತ್ತರೂ ಡ್ರೈವರ್ ಎಲ್ಲ ಸರಿಯಾಗಿದೆ ಎನ್ನುತ್ತಿದ್ದುದು ಯಾಕೆಂದು ಆಗ ಹೊಳೆಯಿತು.

ಕಂಪೈಲ್ ಆಗುವ ಮೊದಲೇ ಬಳಸಿದ ಜಾಗದಲ್ಲಿ ಬಿಚ್ಚಿಕೊಳ್ಳುವ ಅಡ್ಡಹೆಸರುಗಳಾದ ಮ್ಯಾಕ್ರೋಗಳ ಕಥೆ ಬೇರೆ. ಅಲ್ಲಿ ಜಿಸಿಸಿ ಪೂರಾ ಮೌನ. ಬ್ಲಾಕ್ ಸಂಖ್ಯೆಯನ್ನು ಬೈಟಿಗೆ ತಿರುಗಿಸುವ ಒಂದು ಮ್ಯಾಕ್ರೋ ಇತ್ತು: ಸಂಖ್ಯೆಯನ್ನು ಹತ್ತು ಬಿಟ್ ಎಡಕ್ಕೆ ಸರಿಸು, ಅಂದರೆ 1024ರಿಂದ ಗುಣಿಸು, ಅಷ್ಟೇ. ಮೇಡಂ ಸೀಮೆಸುಣ್ಣ ನನ್ನ ಕೈಗೆ ಕೊಟ್ಟು 41,94,304ನೇ ಬ್ಲಾಕ್ ಎಲ್ಲಿದೆ ತೋರಿಸು ಎಂದರು. ಸಂಖ್ಯೆ 32 ಬಿಟ್ಟಿನದು. ಸರಿಸಿದ ಕೂಡಲೇ ಮೇಲಿನ ಬಿಟ್‌ಗಳು ಅಂಚು ದಾಟಿ ಉದುರಿ, ಉತ್ತರ ಸೊನ್ನೆ. ಅಂದರೆ 4 ಜಿಬಿ ಮುಟ್ಟಿದೊಡನೆ ಡಿಸ್ಕಿನ ತಲೆಭಾಗವನ್ನೇ ಮತ್ತೆ ಓದುತ್ತೇವೆ. ಉತ್ತರವನ್ನು 64 ಬಿಟ್ಟಿನ ವೇರಿಯಬಲ್‌ಗೆ ಹಾಕಿದರೂ ಪ್ರಯೋಜನವಿಲ್ಲ, ಉದುರುವುದು ಅದಕ್ಕೂ ಮೊದಲೇ. ಅದನ್ನು ಇನ್‌ಲೈನ್ ಫಂಕ್ಷನ್ ಮಾಡಿ, ಒಳಗೆ ಬರುವ ಸಂಖ್ಯೆಯೇ 64 ಬಿಟ್ ಎಂದು ಬರೆದೆವು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, "ಹೊಸದಾಗಿ ಏನು ಸೇರಿಸಿದ್ದೀರಿ?" ಎಂದರು. ಸೇರಿಸಿದ್ದಕ್ಕಿಂತ ಕಿತ್ತದ್ದೇ ಜಾಸ್ತಿ. ಪೆನ್‌ಡ್ರೈವ್ ಕಿತ್ತು ತೋರಿಸಿದೆವು. ಡ್ರೈವರ್ ಈ ಸಲ ದೂರು ಕೊಟ್ಟಿತು. ಅವರಿಗೆ ಅಷ್ಟೇನೂ ರುಚಿಸಲಿಲ್ಲ, ಮಾರ್ಕ್ಸೂ ಹಾಗೇ ಬಂತು. ಲಿನಕ್ಸಿನ ತಿರುಳಾದ ಕರ್ನಲ್‌ಗೆ 2021ರಲ್ಲಿ, 5.15ನೇ ಆವೃತ್ತಿಯಲ್ಲಿ, ವಾರ್ನಿಂಗ್ ಕಂಡರೆ ಬಿಲ್ಡನ್ನೇ ನಿಲ್ಲಿಸುವ ಆಯ್ಕೆ ಸೇರಿದಾಗ ಹಳೆಯ ಗುಂಪಿನಲ್ಲಿ ಎಲ್ಲರೂ ಮೇಡಂ ಹೆಸರೆತ್ತಿದ್ದರು.

ಆ ಕೋಡ್ ಈಗ ಯಾವ ಬ್ಯಾಚಿನ ಕೈಯಲ್ಲಿದೆಯೋ ಕಾಣೆ. ಇಟ್ಟುಕೊಂಡವರಿಗೆ ಒಂದು ಮಾತು: ಫೈಲಿನ ಹೆಸರು, ಸಾಲಿನ ಸಂಖ್ಯೆ ಮುದ್ರಿಸುವ ಡೀಬಗ್ ಮ್ಯಾಕ್ರೋವನ್ನು ಬೇಕೆಂದೇ ಮುಟ್ಟದೆ ಬಿಟ್ಟಿದ್ದೇವೆ. ಅದನ್ನೂ ಫಂಕ್ಷನ್ ಮಾಡಲು ಹೋಗಬೇಡಿ. ಮಾಡಿದರೆ ಎಲ್ಲಿಂದ ಕರೆದರೂ ಆ ಫಂಕ್ಷನ್ನಿನ ಸಾಲನ್ನೇ ತೋರಿಸುತ್ತದೆ.