ವ್ಯಾಯಾಮ, ಮನೆ, ಮತ್ತೆ ಅರಿಕಡುಕ್ಕ

ನಾನು ವ್ಯಾಯಾಮವನ್ನು ದಿನದ ಲೆಕ್ಕದಲ್ಲಿ ನೋಡುವುದಿಲ್ಲ, ವಾರದ ಲೆಕ್ಕ ಇಡುತ್ತೇನೆ. ಕಾಸರಗೋಡಿನ ಮಳೆಗಾಲದಲ್ಲಿ ದಿನಾ ಬೆಳಗ್ಗೆ ಓಡಲು ಆಗುತ್ತದಾ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ವಾರದ ಮಾತೇ: 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಹಾಗಾಗಿ ಆಫೀಸಿನಲ್ಲಿ ತಿಂಗಳ ಕೊನೆಯ ಗಡಿಬಿಡಿ ಇದ್ದರೆ, ಮಗಳಿಗೆ ಜ್ವರ ಬಂದರೆ, ಒಂದು ದಿನ ತಪ್ಪಿತು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವಳ ಜೊತೆ ಬೇಕಲ ಕೋಟೆ ಸುತ್ತಿದರೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಇನ್ನು ಊಟದ ವಿಷಯ. ಮೊನ್ನೆ ಭಾನುವಾರ ಮನೆಯವರೆಲ್ಲ ನಮ್ಮ ಕಾಸರಗೋಡು ಜಿಲ್ಲೆಯ ಹೊಸದುರ್ಗದ ಕಡೆ ಒಂದು ಸಣ್ಣ ಹೋಟೆಲಿಗೆ ಹೋಗಿ ಅರಿಕಡುಕ್ಕ, ಅಂದರೆ ಅಕ್ಕಿ ಹಿಟ್ಟು ತುಂಬಿದ ಕಡುಕ್ಕ (ಕಡಲಿನ ಚಿಪ್ಪುಜೀವಿ, ಇಂಗ್ಲಿಷಿನಲ್ಲಿ ಮಸಲ್) ತಿಂದೆವು. ಕಡುಕ್ಕದ ಚಿಪ್ಪು ಸ್ವಲ್ಪ ಬಿಡಿಸಿ, ಕುಚ್ಚಲಕ್ಕಿ, ತೆಂಗಿನಕಾಯಿ, ಸಣ್ಣ ಈರುಳ್ಳಿ, ಸೋಂಪು ಹಾಕಿ ರುಬ್ಬಿದ ಹಿಟ್ಟು ತುಂಬಿ, ಹಬೆಯಲ್ಲಿ ಬೇಯಿಸಿ, ಆಮೇಲೆ ಚಿಪ್ಪು ತೆಗೆದು ಮೆಣಸಿನಪುಡಿ ಅರಿಶಿನ ಸವರಿ ಎಣ್ಣೆಯಲ್ಲಿ ಹುರಿಯುತ್ತಾರೆ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಕಚ್ಚಿದರೆ ಕಡಲಿನ ರುಚಿ. "ಇನ್ನೊಂದು ತಿನ್ನು ಮಗಾ" ಅಂತ ಅಮ್ಮ ತಟ್ಟೆಗೆ ಹಾಕಿದರು. ತಿಂದೆ. ಕ್ಯಾಲೊರಿ ಆ್ಯಪ್ ತೆರೆಯಲೇ ಇಲ್ಲ. ಕಡುಕ್ಕದಲ್ಲಿ ಪ್ರೋಟೀನ್, ಕಬ್ಬಿಣ, ಬಿ12 ಚೆನ್ನಾಗಿಯೇ ಇದೆ, ಎಣ್ಣೆ ಜಾಸ್ತಿಯಾದದ್ದು ನಿಜ, ಆದರೆ ಅಪರೂಪಕ್ಕೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವಾಗ ಗ್ರಾಂ ಲೆಕ್ಕ ನನಗೆ ಬೇಡ.

ರಾತ್ರಿಗೆ ಗಂಜಿ, ಚಟ್ನಿ ಸಾಕಾಯಿತು. ಈ ಕಡೆ ಬಂದರೆ ನೀವೂ ತಿನ್ನಿ, ಬಿಸಿ ಇರುವಾಗಲೇ.