ಹಾನ್ಲೆಯ ಚಳಿಯಲ್ಲಿ ಕೃತ್ತಿಕೆ

ಕಾರ್ತಿಕ ಮಾಸಕ್ಕೆ ಹೆಸರು ಕೊಟ್ಟಿದ್ದೇ ಕೃತ್ತಿಕೆ ಎಂಬ ನಕ್ಷತ್ರಗುಚ್ಛ. ಆದರೆ ಕಾರ್ತಿಕ ಹುಣ್ಣಿಮೆಯಷ್ಟು ಕೆಟ್ಟ ರಾತ್ರಿ ಅದನ್ನು ನೋಡಲು ಬೇರೆ ಇಲ್ಲ. ಚಂದ್ರ ಅಂದು ಅದರ ಆಸುಪಾಸಿನಲ್ಲೇ ಇರುತ್ತಾನೆ. ಅದನ್ನು ನೋಡಲು ಲಡಾಖಿನ ಹಾನ್ಲೆಗೆ ಹೋಗುವವರು ದೀಪಾವಳಿ ಅಮಾವಾಸ್ಯೆಯನ್ನೋ ಅದರ ಮುಂದಿನದನ್ನೋ ಹಿಡಿಯಬೇಕು. ಬೆಂಗಳೂರಿನಲ್ಲಿ ಆಗ ಹಿಂಗಾರಿನ ಮೋಡ, ಪಟಾಕಿ ಹೊಗೆ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿದ ಮೇಲೆ ಎರಡು ದಿನವಾದರೂ ಸುಮ್ಮನೆ ಬಿದ್ದಿರಬೇಕು. ಗಡಿ ಸೀಮೆಗೆ ಬೇಕಾದ ಪರ್ಮಿಟ್ಟನ್ನು ಅಷ್ಟರಲ್ಲಿ ಮಾಡಿಸಿ, ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ. ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ, ಲೋಮಾ ದಾಟಿ ಹಾನ್ಲೆಗೆ ಸುಮಾರು 250 ಕಿ.ಮೀ.; ಹಗಲು ಪೂರ್ತಿ ಬೇಕು. ದಾರಿಯಲ್ಲಿ ತಲೆನೋವಿನ ಜತೆ ವಾಂತಿ ಶುರುವಾದರೆ ನಕ್ಷತ್ರದ ಆಸೆ ಬಿಟ್ಟು ಕೆಳಗಿಳಿಯಿರಿ.

ಊರಿನ ಪಕ್ಕದ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಸುತ್ತಲಿನದು ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಪ್ರದೇಶ. ಕತ್ತಲಾದ ಮೇಲೆ ಕಿಟಕಿಗೆ ದಪ್ಪ ಪರದೆ, ಟಾರ್ಚಿಗೆ ಕೆಂಪು ಕಾಗದ.

ನವೆಂಬರ್ ನಡುವಿನಲ್ಲಿ ರಾತ್ರಿ ಒಂಬತ್ತಕ್ಕೆ ಕೃತ್ತಿಕೆ ಪೂರ್ವದಲ್ಲಿ ಅರ್ಧ ಎತ್ತರಕ್ಕೆ ಬಂದಿರುತ್ತದೆ. ಮಧ್ಯರಾತ್ರಿಗೆ ನೆತ್ತಿಯ ಹತ್ತಿರ; ಆಗ ಕತ್ತು ನೋಯುತ್ತದೆ, ಫೋಮ್ ಚಾಪೆ ಹಾಸಿ ಮಲಗಿಯೇ ನೋಡಬೇಕು. ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ. ಆಮ್ಲಜನಕ ಕಡಿಮೆಯಾದರೆ ಇರುಳಿನ ನೋಟವೂ ಮಂಕಾಗುತ್ತದೆ, ಹಾಗಾಗಿ ನಾಲ್ಕು ಸಲ ಆಳವಾಗಿ ಉಸಿರೆಳೆದುಕೊಂಡು ಗುಚ್ಛದ ನಕ್ಷತ್ರಗಳನ್ನು ಎಣಿಸಲು ಶುರು ಮಾಡಿ. ಆರು ಸುಲಭ. ಅಂಚಿನ ಆಟ್ಲಾಸ್ ನಕ್ಷತ್ರಕ್ಕೆ ಅಂಟಿಕೊಂಡಂತಿರುವ ಪ್ಲಿಯೋನಿ ಬೇರೆಯಾಗಿ ಕಂಡರೆ ಕಣ್ಣು ಚೆನ್ನಾಗಿದೆ ಎಂದೇ ಅರ್ಥ.

ದೊಡ್ಡ ದೂರದರ್ಶಕ ಇಲ್ಲಿ ದಂಡ. ಗುಚ್ಛದ ಹರವು ಸುಮಾರು 2 ಡಿಗ್ರಿ. 8 ಇಂಚಿನ ಡಾಬ್ಸೋನಿಯನ್ ಎಂಬ ಕನ್ನಡಿ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ ಒಮ್ಮೆಗೆ ಕಾಣುವುದು 1 ಡಿಗ್ರಿ. ಅಲ್ಲಿಗೆ ಗುಚ್ಛವೇ ಕಳೆದುಹೋಗಿ, ಒಂದಷ್ಟು ಬಿಡಿ ಚುಕ್ಕೆ ಉಳಿಯುತ್ತವೆ. 10x50 ಬೈನಾಕ್ಯುಲರ್ ಸಾಕು, 400 ಮಿ.ಮೀ. ನಾಭಿದೂರದ 80 ಮಿ.ಮೀ. ದೂರದರ್ಶಕಕ್ಕೆ ಅದೇ ಐಪೀಸ್ ಹಾಕಿದರೆ 16 ಪಟ್ಟು ದೊಡ್ಡದಾಗಿ, ಒಮ್ಮೆಗೆ 3 ಡಿಗ್ರಿ ಕಾಣುತ್ತದೆ: ಹೇಳಿ ಮಾಡಿಸಿದಂತಿರುತ್ತದೆ.

ಮೋಸ ಹೋಗುವುದು ಗುಚ್ಛದ ಮೆರೋಪಿ ನಕ್ಷತ್ರದ ಸುತ್ತಲಿನ ನೀಹಾರಿಕೆಯಲ್ಲಿ. 1859ರಲ್ಲಿ ಖಗೋಳಜ್ಞ ಟೆಂಪೆಲ್ ಕಂಡ ಈ ತೆಳು ಮಬ್ಬು ಹಾನ್ಲೆಯಂಥ ಕತ್ತಲಲ್ಲಿ ನಿಜಕ್ಕೂ ಸಿಗುತ್ತದೆ. ಆದರೆ ಐಪೀಸಿನ ಮೇಲೆ ಉಸಿರು ಹೆಪ್ಪುಗಟ್ಟಿದರೂ ಥೇಟ್ ಹಾಗೇ ಕಾಣುತ್ತದೆ. ಅನುಮಾನ ಬಂದರೆ ಕೆಳಗಿನ ಕೆಂಪು ರೋಹಿಣಿಯತ್ತ ತಿರುಗಿಸಿ. ಅದಕ್ಕೂ ಮಬ್ಬಿನ ಬಳೆ ಕಟ್ಟಿದ್ದರೆ ನೀವು ನೋಡಿದ್ದು ನಿಮ್ಮ ಉಸಿರು. ಒರೆಸಬೇಡಿ, ಗೀರು ಬೀಳುತ್ತದೆ. ಐಪೀಸನ್ನು ಒಳಜೇಬಿಗೆ ಹಾಕಿ, ಬೆಚ್ಚಗಿರುವ ಇನ್ನೊಂದನ್ನು ತೆಗೆಯಿರಿ. ಕ್ಯಾಮೆರಾ ಬ್ಯಾಟರಿಗೂ ಅದೇ ಜೇಬು.

ಕೋಣೆಗೆ ಮರಳುವಾಗ ದೂರದರ್ಶಕವನ್ನು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಳಗೊಯ್ಯಿರಿ. ಬಿಚ್ಚುವುದು ಬೆಳಿಗ್ಗೆಯೇ. ಬಿಸಿಗಾಳಿ ತಣ್ಣನೆಯ ಗಾಜಿಗೆ ತಾಕಿದರೆ ಒಳಗೆಲ್ಲ ನೀರು ಕೂತು, ಮರುದಿನ ರಾತ್ರಿಯೂ ಕೆಡುತ್ತದೆ.