ಕಿವಿಯೊಳಗೆ ಕಾಣದ ಹಾಗೆ ಕೂರೋ ಮಿಷನ್ನು: ನಂಗೆ ಒಗ್ಗಲಿಲ್ಲ, ತಮ್ಮಂಗೆ ಒಗ್ಗಿತು

ಹೋದ್ ವರ್ಷ ಏಳನೇ ಕ್ಲಾಸಲ್ಲಿ ಒಬ್ಬ ಹುಡುಗ ಪಾಠ ಗಟ್ಟಿಯಾಗಿ ಓದ್ತಿದ್ದ. ನಾನು "ತಪ್ಪು ಅಲ್ಲ ಕಣೋ, ಕಪ್ಪು, ಸರಿಯಾಗಿ ನೋಡಿ ಓದು" ಅಂದೆ, ಇನ್ನೊಂದ್ಸಲ ಓದಿದ, ಮತ್ತೆ ತಿದ್ದಿದೆ, ಮೂರನೇ ಸಲಕ್ಕೆ ಅವನ ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ಹುಡುಗಿ ಎದ್ದು ನಿಂತು "ಮಿಸ್, ಅವ್ನು ಕಪ್ಪು ಅಂತಾನೇ ಓದ್ತಿದಾನೆ" ಅಂದ್ಲು. ಇಪ್ಪತ್ತಾರು ವರ್ಷದಿಂದ ಕನ್ನಡ ಹೇಳ್ಕೊಡ್ತಿದೀನಿ, ಅವತ್ತು ಸ್ಟಾಫ್ ರೂಮಿಗೆ ಬಂದು ಕೂತವಳಿಗೆ ಊಟ ಸೇರಲಿಲ್ಲ.

ಅದಕ್ಕೂ ಮುಂಚೆ ಗೊತ್ತಿರಲಿಲ್ಲ ಅಂತಲ್ಲ. ಮಾತಾಡಿದ್ದು ಕೇಳ್ಸೋದು, ಏನಂದ್ರು ಅಂತ ಬಿಡಿಸಿ ಗೊತ್ತಾಗ್ತಿರಲಿಲ್ಲ. ಮಗಳು ಫೋನಲ್ಲಿ ಹೇಳಿದ್ದು ಅರ್ಧ ನಾನೇ ತುಂಬ್ಕೋತಿದ್ದೆ. ಆದ್ರೂ ಕಿವಿ ಟೆಸ್ಟಿಗೆ ಹೋಗೋಕೆ ಮನಸ್ಸು ಬರ್ತಿರಲಿಲ್ಲ, ಯಾಕಂದ್ರೆ ನಮ್ ಕಡೆ ಕೆಪ್ಪಿ ಅನ್ನೋ ಪದ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತೆ ಅಂತ ನಂಗೊತ್ತು, ಅದ್ರಲ್ಲೂ ಟೀಚರ್‌ಗೆ ಅಂದ್ರೆ ಮಕ್ಕಳು ಅದನ್ನೇ ಹೆಸರು ಮಾಡ್ಬಿಡ್ತಾರೆ. ಹಾಗಾಗಿ ಹೋಗೋ ಮುಂಚೆನೇ ತೀರ್ಮಾನ ಮಾಡ್ಕೊಂಡಿದ್ದೆ, ಹಿಯರಿಂಗ್ ಏಡ್ ಹಾಕಿದ್ರೆ ಕಿವಿಯೊಳಗೆ ಕೂರೋದೇ, ಹೊರಗಡೆ ಏನೂ ಕಾಣಬಾರದು. ಈ ಆಸೆ ತಪ್ಪು ಅಂತ ಈಗಲೂ ಅನ್ಸಲ್ಲ. ಆದ್ರೆ ಅದೊಂದನ್ನೇ ಹಿಡ್ಕೊಂಡು ಹೋಗಿದ್ದು ನಂಗೆ ದುಬಾರಿ ಆಯ್ತು.

ನಮ್ಮೂರಲ್ಲೇ ಒಂದು ಅಂಗಡಿಗೆ ಹೋದೆ. ಹತ್ತು ನಿಮಿಷ ಟೆಸ್ಟು, ಆಮೇಲೆ ಕಿವಿಯೊಳಗೆ ದಾರ ಕಟ್ಟಿದ ಸಣ್ಣ ಸ್ಪಂಜು ಇಟ್ಟು ಸಿಲಿಕಾನ್ ತುಂಬಿ ಅಳತೆ ತಗೊಂಡ್ರು, ಅಡ್ವಾನ್ಸ್ ಕಟ್ಟಿಸ್ಕೊಂಡ್ರು. ನೀವು ಏನ್ ಕೆಲಸ ಮಾಡ್ತೀರಿ, ಎಲ್ಲಿ ಕೇಳ್ಸಲ್ಲ ಅಂತ ಒಂದ್ ಮಾತೂ ಕೇಳಲಿಲ್ಲ. ಎರಡು ವಾರಕ್ಕೆ ಒಂದ್ ಜೊತೆ ಸಿಐಸಿ ಬಂತು, ಅಂದ್ರೆ ಕಿವಿಯ ಕಾಲುವೆಯೊಳಗೆ ಪೂರ್ತಿ ಹೋಗಿ ಕೂರೋದು, ಎಳೆಯೋಕೆ ಒಂದು ಸಣ್ಣ ದಾರ ಮಾತ್ರ ತುದೀಲಿ ಇರುತ್ತೆ. ನಿಜವಾಗ್ಲೂ ಕಾಣ್ತಿರಲಿಲ್ಲ. ಕನ್ನಡಿ ಮುಂದೆ ನಿಂತು ಖುಷಿಪಟ್ಟೆ.

ಮಾರನೇ ದಿನ ಮೊದಲ ಪೀರಿಯಡ್ಡಲ್ಲಿ ಬಾಯಿ ಬಿಟ್ಟ ಕೂಡ್ಲೇ ನನ್ನ ದನಿ ನಂಗೇ ಬಿಂದಿಗೆಯೊಳಗೆ ಮುಖ ಇಟ್ಟು ಮಾತಾಡ್ದಂಗೆ ಗುಂಯ್ ಅಂತ ತುಂಬ್ಕೊಂತು. ಅಗಿಯೋದು, ನುಂಗೋದು, ಕೆಮ್ಮೋದು ಎಲ್ಲಾ ತಲೆಯೊಳಗೇ ನಡೀತಿದೆ ಅನ್ನೋ ಹಾಗೆ. ದಿನಕ್ಕೆ ಐದು ಪೀರಿಯಡ್ ಮಾತಾಡೋ ಕೆಲಸ ನಂದು. ಅಭ್ಯಾಸ ಆಗುತ್ತೆ ಅಂದ್ರು ಅಂಗಡಿಯವರು, ಆರು ವಾರ ಕಾದೆ, ದನಿ ತಾನಾಗೇ ಸಣ್ಣಗಾಗಿ ಹಿಂದಿನ ಬೆಂಚಿಗೆ ಕೇಳ್ಸದ ಹಾಗೆ ಪಾಠ ಮಾಡೋಕೆ ಶುರುಮಾಡ್ದೆ.

ಆಮೇಲೆ ಮೈಸೂರಿಗೆ ಹೋದೆ, ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಎಲ್ಲರೂ ಸ್ಪೀಚ್ ಅಂಡ್ ಹಿಯರಿಂಗ್ ಅಂತಾರಲ್ಲ ಅಲ್ಲಿಗೆ. ಅಲ್ಲಿ ಆಡಿಯಾಲಜಿಸ್ಟ್, ಅಂದ್ರೆ ಕೇಳೋ ಶಕ್ತಿ ಪರೀಕ್ಷೆ ಮಾಡೋ ತಜ್ಞರು, ನನ್ನ ಆಡಿಯೋಗ್ರಾಮ್ ಮುಂದೆ ಇಟ್ಟು ಕೂತು ವಿವರಿಸಿದ್ರು. ಯಾವ ಶಬ್ದ ಎಷ್ಟು ಜೋರಿದ್ರೆ ಕೇಳ್ಸುತ್ತೆ ಅಂತ ತೋರ್ಸೋ ಗ್ರಾಫ್ ಅದು, ಡೆಸಿಬೆಲ್ ನಂಬರ್ ಜಾಸ್ತಿ ಆದಷ್ಟೂ ಗೆರೆ ಕೆಳಗಿಳಿಯುತ್ತೆ, ಕೇಳ್ಸೋದು ಕಮ್ಮಿ ಅಂತ ಅರ್ಥ. ನಂದು 250, 500 ಹರ್ಟ್ಸ್ ಹತ್ರ 20 ಡೆಸಿಬೆಲ್, ಅಂದ್ರೆ ಸರಿಯಾಗೇ ಇದೆ. 2000ಕ್ಕೆ 50, 4000ಕ್ಕೆ 65ಕ್ಕೆ ಇಳಿದಿದೆ, ಬೆಟ್ಟದ ಇಳಿಜಾರಿನ ಹಾಗೆ. ಸ್ವರಗಳ ಬಲ ಹೆಚ್ಚಾಗಿ ಕೆಳಗಿನ ಕಡೆ, ಅಂದ್ರೆ ಕಮ್ಮಿ ಹರ್ಟ್ಸಿನ ದಪ್ಪ ಶಬ್ದದಲ್ಲಿ ಇರುತ್ತೆ, ಕ ತ ಪ ಸ ಶ ಇಂಥವನ್ನ ಒಂದರಿಂದ ಒಂದು ಬೇರೆ ಮಾಡೋದು ಮೇಲಿನ ಕಡೆ, ಜಾಸ್ತಿ ಹರ್ಟ್ಸಿನ ಸಣ್ಣ ಶಬ್ದ. ಕಪ್ಪು ತಪ್ಪು ಎರಡೂ ನಂಗೆ ಒಂದೇ ಆಗಿದ್ದು ಅದಕ್ಕೇ.

ಗುಂಯ್ ಅನ್ನೋದಕ್ಕೂ ಕಾರಣ ಅಲ್ಲೇ ಇತ್ತು. ಮಾತಾಡುವಾಗ ದವಡೆ ಮೂಳೆಯಿಂದ ಕಿವಿ ಕಾಲುವೆಯ ಮೆತ್ತನೆ ಗೋಡೆಗೂ ಕಂಪನ ಬರುತ್ತೆ, ಕಿವಿ ತೆರೆದಿದ್ರೆ ಅದು ಹೊರಗೆ ಹೋಗ್ಬಿಡುತ್ತೆ, ಬಿರಡೆ ಹಾಕಿದ್ರೆ ಒಳಗೇ ಉಳಿಯುತ್ತೆ. ಅದು ದಪ್ಪ ಶಬ್ದ, ಕೆಳಗಿನ ಕಡೆಯದ್ದು, ನಂಗೆ ಅದೇ ಚೆನ್ನಾಗಿ ಕೇಳ್ಸೋದು. ಮಿಷನ್ನಲ್ಲಿ ಗಾಳಿ ಆಡೋಕೆ ತೂತು ಕೊರೀಬಹುದು, ಆದ್ರೆ ಇಷ್ಟು ಚಿಕ್ಕದರಲ್ಲಿ ಜಾಗ ಎಲ್ಲಿ, ತೂತು ದೊಡ್ಡದಾದ್ರೆ ಒಳಗಿನ ಶಬ್ದ ಹೊರಬಂದು ಪಕ್ಕದಲ್ಲೇ ಇರೋ ಮೈಕಿಗೆ ಹೋಗಿ ಕುಂಯ್ ಅಂತ ಸೀಟಿ ಹೊಡೆಯುತ್ತೆ. ಇದನ್ನ ನೀವು ಮನೇಲೇ ನೋಡ್ಬಹುದು, ಎರಡೂ ಕಿವಿಗೆ ಬೆರಳಿಟ್ಟು "ಈ" ಅಂತ ಎಳೆದು ಹೇಳಿ. ಆ ಗುಂಯ್ ಇಡೀ ದಿನ ಇದ್ರೆ ಹೇಗಿರುತ್ತೆ ಅಂತ ಯೋಚ್ನೆ ಮಾಡಿ, ಅದ್ರಲ್ಲೂ ಮಾತೇ ನಿಮ್ಮ ಕೆಲಸ ಆಗಿದ್ರೆ.

ಹಾಗಂತ ಸಿಐಸಿ ಕೆಟ್ಟದ್ದು ಅಂತ ಹೇಳೋಕೆ ಈ ಪೋಸ್ಟ್ ಬರೀತಿಲ್ಲ, ನನ್ನ ತಮ್ಮ ಅದನ್ನೇ ಹಾಕ್ಕೊಂಡು ಎರಡು ವರ್ಷದಿಂದ ಆರಾಮಾಗಿದಾನೆ. ಅವನ ಗ್ರಾಫ್ ಸಮತಟ್ಟು, ಎಲ್ಲಾ ಕಡೆ 45, 50. ಕೆಳಗಿನ ಶಬ್ದಾನೂ ಕಮ್ಮಿ ಕೇಳ್ಸೋದ್ರಿಂದ ಅವನಿಗೆ ಬಿರಡೆ ಹಾಕಿದ ಕಾಟ ಅಷ್ಟಿಲ್ಲ. ಅವನದು ಬೈಕಲ್ಲಿ ಸುತ್ತೋ ಕೆಲಸ, ಹೆಲ್ಮೆಟ್ ಹಾಕಿ ತೆಗೆಯುವಾಗ ಕಿವಿ ಹಿಂದೆ ಇರೋದಾದ್ರೆ ಕಿತ್ತುಬರುತ್ತೆ, ಒಳಗಿದ್ರೆ ಆ ತಾಪತ್ರಯ ಇಲ್ಲ. ಮೈಕು ಒಳಗಿರೋದ್ರಿಂದ ಗಾಳಿ ಸದ್ದು ಕಮ್ಮಿ, ಫೋನನ್ನೂ ಮಾಮೂಲಿ ಹಾಗೆ ಕಿವಿಗೇ ಹಿಡ್ಕೋತಾನೆ. "ಅಕ್ಕಾ, ಹಾಕಿರೋದೇ ಮರೆತುಹೋಗುತ್ತೆ" ಅಂತಾನೆ.

ಅವನಿಗಿರೋ ಕಷ್ಟ ಬೇರೆ. ಹಳದಿ ಸ್ಟಿಕ್ಕರಿನ 10 ನಂಬರ್ ಬ್ಯಾಟರಿ, ಐದಾರು ದಿನಕ್ಕೆ ಖಾಲಿ. ಕಿವಿಯ ಗುಗ್ಗೆ ಶಬ್ದ ಬರೋ ತೂತಿಗೇ ಸೇರ್ಕೊಳ್ಳುತ್ತೆ, ಅದಕ್ಕೆ ಇರೋ ಪುಟ್ಟ ಫಿಲ್ಟರ್ ಆಗಾಗ ಬದಲಾಯಿಸ್ಬೇಕು. ರಾತ್ರಿ ತೇವ ಹೀರೋ ಸಿಲಿಕಾ ಜೆಲ್ ಡಬ್ಬೀಲಿ ಇಡ್ತಾನೆ. ಹಬ್ಬದ ಎಣ್ಣೆ ಸ್ನಾನಕ್ಕೆ ಅಮ್ಮ ಕಿವಿಗೆ ಎಣ್ಣೆ ಬಿಡೋಕೆ ಬಂದ್ರೆ ಬೇಡಮ್ಮಾ ಅಂತಾನೆ, ಅಮ್ಮಂಗೆ ಬೇಜಾರು. ಸಾಮಾನ್ಯವಾಗಿ ಇಷ್ಟು ಚಿಕ್ಕದರಲ್ಲಿ ಒಂದೇ ಮೈಕು, ಎದುರಿಗಿರೋರ ದನಿ ಹೆಚ್ಚಾಗಿ ಹಿಡಿಯೋ ಎರಡು ಮೈಕಿನ ವ್ಯವಸ್ಥೆಗೆ ಜಾಗ ಇರಲ್ಲ, ಹಾಗಾಗಿ ಮದುವೆ ಮನೆ ಊಟದ ಹಾಲಲ್ಲಿ ಅವನಿಗೆ ಈಗಲೂ ಕಷ್ಟಾನೇ.

ನಾನು ಈಗ ಹಾಕ್ಕೊಂಡಿರೋದು ಆರ್‌ಐಸಿ. ಮಿಷನ್ ಕಿವಿ ಹಿಂದೆ, ತೆಳ್ಳಗಿನ ವಯರು, ಒಳಗೆ ತೂತಿರೋ ಪುಟ್ಟ ರಬ್ಬರ್ ಡೋಮ್, ಆ ತೂತಿಂದ ಗುಂಯ್ ಹೊರಗೆ ಹೋಗುತ್ತೆ. ಕೂದಲು ಮುಚ್ಚುತ್ತೆ, ಗಮನ ಇಟ್ಟು ನೋಡಿದ್ರೆ ಕಾಣುತ್ತೆ. ಇದನ್ನ ಅಲ್ಲೇ ಹಾಕಿಸಿ, ಆಚೆ ಓಡಾಡ್ಸಿ, ಮಾತಾಡ್ಸಿ ಟ್ರಯಲ್ ಕೊಟ್ರು. ಅಳತೆ ಕೊಟ್ಟು ಮಾಡಿಸೋದಕ್ಕೆ ಈ ಸೌಕರ್ಯ ಇಲ್ಲ, ಅದು ನಿಮ್ಮ ಕಿವಿಗೆ ಮಾತ್ರ ಆಗೋದು, ಅದಕ್ಕೇ ದುಡ್ಡು ಕಟ್ಟೋ ಮುಂಚೆ ವಾಪಸ್ ತಗೋತಾರಾ ಅಂತ ಬರೆಸ್ಕೊಳ್ಳಿ.

ಇನ್ನೊಂದು, ಕಿವಿ ಸೋರ್ತಿದ್ರೆ, ತಮಟೆ ತೂತಾಗಿದ್ರೆ, ಒಂದೇ ಕಡೆ ಕಮ್ಮಿ ಕೇಳ್ಸ್ತಿದ್ರೆ ಮೊದಲು ಇಎನ್‌ಟಿ ಡಾಕ್ಟರ ಹತ್ರ ಹೋಗಿ. ಇದ್ದಕ್ಕಿದ್ದ ಹಾಗೆ ಕೇಳ್ಸೋದು ನಿಂತ್ರೆ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಹೋಗಿ.

ಮುಂದಿನ ತಿಂಗಳು ಅಮ್ಮನ್ನ ಮೈಸೂರಿಗೆ ಕರ್ಕೊಂಡ್ ಹೋಗ್ತಿದೀವಿ. "ನಂಗೂ ನಿನ್ ತಮ್ಮನ ಥರದ್ದೇ ಇರಲಿ, ಕಾಣೋದು ಬೇಡ" ಅಂದ್ರು. ನಾನೇನೂ ಹೇಳ್ದೆ ತಮ್ಮನ 10 ನಂಬರ್ ಬ್ಯಾಟರಿ ಒಂದನ್ನ ಅವರ ಅಂಗೈಲಿಟ್ಟು, ಎರಡು ಬೆರಳಲ್ಲಿ ಎತ್ತಿ ತಿರುಗ್ಸಿ ಹಿಡೀರಿ ಅಂದೆ. ಎರಡು ಸಲ ಜಾರಿ ಸೆರಗಿನ ಮೇಲೆ ಬಿತ್ತು. ಮೂರನೇ ಸಲ ಅವರೇ ನನ್ನ ಕಿವಿ ಹಿಂದೆ ಬೆರಳು ಇಟ್ಟು ಸವರಿ ನೋಡಿ, "ಇದು ಒತ್ತಲ್ವೇನೇ?" ಅಂತ ಕೇಳಿದ್ರು.